ಹಣ್ಣಿನ ನೊಣದ ರೆಕ್ಕೆಗೆ ‘ಇನ್ನು ಸಾಕು’ ಎನ್ನುವವರು ಯಾರು? ಬೆಳವಣಿಗೆಯನ್ನು ಹಿಡಿತದಲ್ಲಿಡುವ ಕಿಣ್ವಗಳ ಕತೆ

ಬಾಳೆಹಣ್ಣು ಎರಡು ದಿನ ಹೆಚ್ಚು ಉಳಿದರೆ ಸಾಕು, ಅದರ ಸುತ್ತ ಎಳ್ಳುಕಾಳಿನಷ್ಟು ಪುಟ್ಟ ನೊಣಗಳು ಹಾರಾಡತೊಡಗುತ್ತವೆ. ನಾವು ಕೈಬೀಸಿ ಓಡಿಸುವ ಈ ನೊಣವನ್ನು ವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಾಟಲಿಯಲ್ಲಿ ಸಾಕುತ್ತಿದ್ದಾರೆ. ಅದರಿಂದ ನಮಗೇನು ಲಾಭ ಎಂದು ಕೇಳುವವರಿದ್ದಾರೆ. ‘ನೊಣದ ಮೇಲೆ ಸಂಶೋಧನೆ ಮಾಡಿ ಜನರ ದುಡ್ಡು ಹಾಳು ಮಾಡುತ್ತಾರೆ’ ಎಂಬ ಸಂದೇಶಗಳೂ ಮೊಬೈಲಿನಲ್ಲಿ ಓಡಾಡುತ್ತವೆ. ಅದೇ ಮೊಬೈಲಿಗೆ ‘ಈ ಕಿಣ್ವದ ಪುಡಿ ಕೊಟ್ಟರೆ ಮಕ್ಕಳು ಬೇಗ ಎತ್ತರವಾಗುತ್ತಾರೆ’, ‘ನಿಂಬೆರಸ ಕೀಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ’, ‘ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹಸಿದು ಸಾಯುತ್ತದೆ’ ಎಂಬ ಫಾರ್ವರ್ಡ್‌ಗಳೂ ಬರುತ್ತವೆ. ಈ ನಾಲ್ಕೂ ಮಾತುಗಳಿಗೆ ಉತ್ತರ ಆ ಪುಟ್ಟ ನೊಣದಲ್ಲೇ ಇದೆ.

ಸಂಕ್ಷಿಪ್ತವಾಗಿ ಹೇಳುವುದಾದರೆ

• ಜೀವಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ‘ಕೈನೇಸ್’ ಎಂಬ ಗುಂಪಿನ ಕಿಣ್ವಗಳು ನಿಯಂತ್ರಿಸುತ್ತವೆ.
• ಇವುಗಳ ಕೆಲಸದ ಕ್ರಮ ಮೊದಲು ಸ್ಪಷ್ಟವಾಗಿ ಗೊತ್ತಾದದ್ದರಲ್ಲಿ ಹಣ್ಣಿನ ನೊಣದ ಪಾಲು ಬಹಳ ದೊಡ್ಡದು.
• ಅದೇ ಕಿಣ್ವಗಳು ನಮ್ಮ ದೇಹದಲ್ಲೂ ಇವೆ. ಅವು ಕೆಟ್ಟಾಗ ಬರುವ ಕಾಯಿಲೆಗಳಲ್ಲಿ ಕ್ಯಾನ್ಸರ್ ಮುಖ್ಯವಾದದ್ದು.
• ಈ ಕಿಣ್ವಗಳನ್ನು ತಿಂದು ಹೆಚ್ಚಿಸಿಕೊಳ್ಳಲು ಆಗುವುದಿಲ್ಲ. ಒಂದೇ ಹಣ್ಣು ಅಥವಾ ಎಲೆ ಎಲ್ಲ ಕ್ಯಾನ್ಸರನ್ನೂ ಗುಣಪಡಿಸಲೂ ಆಗುವುದಿಲ್ಲ.

ಯಾವ ನೊಣ ಇದು?

ಇದರ ವೈಜ್ಞಾನಿಕ ಹೆಸರು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. ಉದ್ದ ಸುಮಾರು 3 ಮಿಲಿಮೀಟರ್. ಮಾವು, ಸೀಬೆ ಬೆಳೆಗಾರರನ್ನು ಕಾಡುವ, ಕಾಯಿಯೊಳಗೆ ಹುಳು ಬೀಳಿಸುವ ದೊಡ್ಡ ಹಣ್ಣು ನೊಣ ಬೇರೆ ಜಾತಿಯದು. ನಮ್ಮ ಅಡುಗೆಮನೆಯ ಈ ನೊಣ ಹೆಚ್ಚು ಕಳಿತ ಹಣ್ಣಿನ ಮೇಲೆ ಬೆಳೆಯುವ ಯೀಸ್ಟ್ ಹುಡುಕಿಕೊಂಡು ಬರುತ್ತದೆ. ಹಣ್ಣಿನಿಂದ ನೊಣ ತಾನಾಗಿಯೇ ಹುಟ್ಟುತ್ತದೆ ಎಂಬ ನಂಬಿಕೆ ನಿಜವಲ್ಲ. ಹೆಣ್ಣು ನೊಣ ಹಣ್ಣಿನ ಮೇಲೆ ಇಟ್ಟ ಮೊಟ್ಟೆ ಅಷ್ಟು ಚಿಕ್ಕದಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ.

25 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬಂದ ನೊಣವಾಗಲು ಸುಮಾರು 10 ದಿನ ಸಾಕು. ಮೊದಲ ದಿನ ಮೊಟ್ಟೆ, ಆಮೇಲೆ ನಾಲ್ಕೈದು ದಿನ ಮರಿಹುಳು, ಉಳಿದ ದಿನ ಚಿಪ್ಪಿನೊಳಗಿನ ಪ್ಯೂಪಾ ಹಂತ. ಮರಿಹುಳುವಿಗೆ ತಿನ್ನುವುದೊಂದೇ ಕೆಲಸ. ಸುಮಾರು 4 ದಿನಗಳಲ್ಲಿ ಅದರ ತೂಕ 200 ಪಟ್ಟು ಹೆಚ್ಚುತ್ತದೆ. 3 ಕಿಲೋ ತೂಕದ ಕೂಸು ನಾಲ್ಕೇ ದಿನಕ್ಕೆ 600 ಕಿಲೋ ಆದ ಹಾಗೆ! ಇಷ್ಟು ಬೇಗ ಬೆಳೆಯುವುದರಿಂದಲೇ ಬೆಳವಣಿಗೆಯ ಗುಟ್ಟು ತಿಳಿಯಲು ಈ ನೊಣ ಹೇಳಿಮಾಡಿಸಿದ ಜೀವಿ.

ರೆಕ್ಕೆಯ ಲೆಕ್ಕಾಚಾರ

ಮರಿಹುಳುವಿಗೆ ರೆಕ್ಕೆಯೂ ಇಲ್ಲ, ಕಾಲೂ ಇಲ್ಲ. ಆದರೆ ಮುಂದೆ ರೆಕ್ಕೆ, ಕಾಲು, ಕಣ್ಣು ಆಗಬೇಕಾದ ಜೀವಕೋಶಗಳು ಅದರ ದೇಹದೊಳಗೆ ಚಿಕ್ಕ ಚಿಕ್ಕ ಬಿಲ್ಲೆಗಳಂತೆ ಮಡಚಿಕೊಂಡು ಕಾದಿರುತ್ತವೆ. ರೆಕ್ಕೆಯ ಬಿಲ್ಲೆ ಶುರುವಾಗುವುದು 30ರಿಂದ 50 ಜೀವಕೋಶಗಳಿಂದ. ಮರಿಹುಳು ಪ್ಯೂಪಾ ಆಗುವ ಹೊತ್ತಿಗೆ ಅಲ್ಲಿ ಸುಮಾರು 50,000 ಜೀವಕೋಶಗಳಿರುತ್ತವೆ.

50ನ್ನು 10 ಸಲ ದುಪ್ಪಟ್ಟು ಮಾಡಿದರೆ 51,200 ಆಗುತ್ತದೆ. ಅಂದರೆ ಹತ್ತು ಚಿಲ್ಲರೆ ಸುತ್ತು ವಿಭಜನೆ ಆದ ಮೇಲೆ ಕೆಲಸ ನಿಲ್ಲುತ್ತದೆ. ಇನ್ನೊಂದೇ ಒಂದು ಸುತ್ತು ಹೆಚ್ಚು ನಡೆದರೆ ಜೀವಕೋಶಗಳ ಸಂಖ್ಯೆ 1 ಲಕ್ಷ ದಾಟುತ್ತದೆ. ಅಂಥ ರೆಕ್ಕೆಯಿಂದ ನೊಣ ಹಾರುವುದು ಕಷ್ಟ. ಆದರೂ ಎಡ ರೆಕ್ಕೆ ಮತ್ತು ಬಲ ರೆಕ್ಕೆ, ಒಂದಕ್ಕೊಂದು ತಾಗದೆ ಬೇರೆ ಬೇರೆ ಬೆಳೆದರೂ, ಹೆಚ್ಚುಕಡಿಮೆ ಒಂದೇ ಅಳತೆಗೆ ನಿಲ್ಲುತ್ತವೆ. ಲೆಕ್ಕ ಇಡುವವರು ಯಾರು?

ಕೈನೇಸ್: ಗುರುತು ಅಂಟಿಸುವ ಕಿಣ್ವ

ಕಿಣ್ವ ಎಂದಾಕ್ಷಣ ನಮಗೆ ನೆನಪಾಗುವುದು ಆಹಾರ ಜೀರ್ಣಿಸುವ ಕಿಣ್ವ. ಆದರೆ ಜೀವಕೋಶದೊಳಗೆ ಸುದ್ದಿ ಮುಟ್ಟಿಸುವ ಕಿಣ್ವಗಳೂ ಇವೆ. ಅವುಗಳಲ್ಲಿ ದೊಡ್ಡ ಗುಂಪು ಕೈನೇಸ್‌ಗಳದ್ದು. ಕೈನೇಸ್ ಮಾಡುವ ಕೆಲಸ ಸರಳ. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯಿಂದ ಒಂದು ಫಾಸ್ಫೇಟ್ ತುಣುಕನ್ನು ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತದೆ. ಅಂಟಿದ ಕೂಡಲೇ ಆ ಪ್ರೋಟೀನಿನ ಆಕಾರ ಅಥವಾ ಜಾಗ ಬದಲಾಗುತ್ತದೆ. ಸುಮ್ಮನಿದ್ದದ್ದು ಕೆಲಸ ಶುರು ಮಾಡಬಹುದು, ಕೆಲಸ ಮಾಡುತ್ತಿದ್ದದ್ದು ನಿಲ್ಲಬಹುದು. ಈ ಗುರುತನ್ನು ತೆಗೆದುಹಾಕಲು ಫಾಸ್ಫಟೇಸ್ ಎಂಬ ಬೇರೆ ಕಿಣ್ವಗಳಿವೆ. ಹಾಗಾಗಿ ಇದು ದೀಪದ ಸ್ವಿಚ್ಚಿನಂತೆ ಹಾಕಿ ಆರಿಸಬಹುದಾದ ವ್ಯವಸ್ಥೆ.

ಈ ಹಾಕು-ಆರಿಸು ವಿಧಾನವನ್ನು ಕಂಡುಹಿಡಿದದ್ದಕ್ಕೆ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯರಲ್ಲಿ ಸುಮಾರು 500 ಬಗೆಯ ಕೈನೇಸ್‌ಗಳಿವೆ. ನೊಣದಲ್ಲಿ ಹೆಚ್ಚುಕಡಿಮೆ ಅದರ ಅರ್ಧದಷ್ಟಿವೆ. ಕೆಲಸ ಅದೇ, ನಕಲುಗಳು ಕಡಿಮೆ. ಆದ್ದರಿಂದ ಒಂದನ್ನು ಕೆಡಿಸಿದರೆ ಏನಾಗುತ್ತದೆ ಎಂದು ನೊಣದಲ್ಲಿ ಬೇಗ ಗೊತ್ತಾಗುತ್ತದೆ.

ಮೊದಲ ಪ್ರಶ್ನೆ: ಊಟ ಇದೆಯೇ?

ಬೆಳೆಯಬೇಕಾದರೆ ಮೊದಲು ಆಹಾರ ಬೇಕು. ಮರಿಹುಳು ಚೆನ್ನಾಗಿ ತಿಂದಾಗ ಅದರ ಮಿದುಳಿನ ಕೆಲವು ಜೀವಕೋಶಗಳು ನಮ್ಮ ಇನ್ಸುಲಿನ್ನನ್ನೇ ಹೋಲುವ ಹಾರ್ಮೋನನ್ನು ಬಿಡುಗಡೆ ಮಾಡುತ್ತವೆ. ಅದು ಜೀವಕೋಶದ ಹೊರಪೊರೆಯ ಮೇಲಿರುವ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಆ ಗ್ರಾಹಕವೂ ಒಂದು ಕೈನೇಸ್. ಅಲ್ಲಿಂದ ಒಳಗೆ ಪಿಐ3-ಕೈನೇಸ್, ಎಕೆಟಿ, ಟಾರ್, ಎಸ್6-ಕೈನೇಸ್ ಎಂಬ ಕಿಣ್ವಗಳ ಮೂಲಕ ಸುದ್ದಿ ಹೋಗುತ್ತದೆ: ‘ಊಟ ಇದೆ, ಪ್ರೋಟೀನ್ ತಯಾರಿಸಿ, ಬೆಳೆಯಿರಿ.’

ಊಟ ಕಡಿಮೆಯಾದರೆ ಸುದ್ದಿ ದುರ್ಬಲವಾಗುತ್ತದೆ. ಆಗ ಮರಿಹುಳು ಸಾಯದೆ ಉಳಿದರೂ ಅದರಿಂದ ಬರುವ ನೊಣ ಪುಟ್ಟದಾಗಿರುತ್ತದೆ. ಅಂಗಾಂಗಗಳೆಲ್ಲ ಅಳತೆಗೆ ತಕ್ಕಂತೆ ಸರಿಯಾಗಿರುತ್ತವೆ, ಆದರೆ ಎಲ್ಲವೂ ಚಿಕ್ಕವು.

1999ರಲ್ಲಿ ಪ್ರಕಟವಾದ ಎರಡು ಕೆಲಸಗಳು ಈ ಸರಪಳಿಯ ಗುಣವನ್ನು ಚೆನ್ನಾಗಿ ತೋರಿಸಿದವು. ಇನ್ಸುಲಿನ್ ಗ್ರಾಹಕದ ಪಕ್ಕದಲ್ಲೇ ಕೆಲಸ ಮಾಡುವ ‘ಚೀಕೊ’ ಎಂಬ ಪ್ರೋಟೀನ್ ಇಲ್ಲದ ನೊಣಗಳ ದೇಹತೂಕ ಮಾಮೂಲಿಯ ಅರ್ಧಕ್ಕಿಂತ ಕಡಿಮೆ ಇತ್ತು. ಸ್ಪ್ಯಾನಿಷ್ ಭಾಷೆಯಲ್ಲಿ ಚೀಕೊ ಎಂದರೆ ಚಿಕ್ಕ ಹುಡುಗ. ಅವುಗಳಲ್ಲಿ ಜೀವಕೋಶಗಳ ಸಂಖ್ಯೆಯೂ ಕಡಿಮೆ, ಒಂದೊಂದರ ಗಾತ್ರವೂ ಕಡಿಮೆ. ಇನ್ನೊಂದು ಪ್ರಯೋಗದಲ್ಲಿ ಎಸ್6-ಕೈನೇಸ್ ಇಲ್ಲದ ನೊಣಗಳೂ ಚಿಕ್ಕವಾಗಿದ್ದವು. ಆದರೆ ಅವುಗಳ ಜೀವಕೋಶಗಳ ಸಂಖ್ಯೆ ಮಾಮೂಲಿಯಷ್ಟೇ ಇತ್ತು; ಪ್ರತಿ ಜೀವಕೋಶವೂ ಕುಗ್ಗಿತ್ತು, ಅಷ್ಟೆ. ಮನೆ ಚಿಕ್ಕದಾಗಲು ಇಟ್ಟಿಗೆ ಕಡಿಮೆ ಆಗಿರಬಹುದು, ಇಲ್ಲವೇ ಇಟ್ಟಿಗೆಯೇ ಚಿಕ್ಕದಿರಬಹುದು. ದೇಹ ಇವೆರಡನ್ನೂ ಬೇರೆ ಬೇರೆಯಾಗಿ ನಿಯಂತ್ರಿಸುತ್ತದೆ ಎಂಬುದು ಇದರಿಂದ ತಿಳಿಯಿತು.

ಎರಡನೇ ಪ್ರಶ್ನೆ: ಸಾಕಾಯಿತೇ?

ಊಟ ಇದೆ ಎಂದು ಬೆಳೆಯುತ್ತಲೇ ಹೋದರೆ ಆಗುವುದಿಲ್ಲವಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರು ಬಡಿಸುತ್ತಲೇ ಇರುತ್ತಾರೆ. ನಾವು ಎಲೆಗೆ ಕೈ ಅಡ್ಡ ಹಿಡಿದಾಗಲೇ ನಿಲ್ಲಿಸುವುದು. ಜೀವಕೋಶಗಳಲ್ಲಿ ಹೀಗೆ ಕೈ ಅಡ್ಡ ಹಿಡಿಯುವ ಕಿಣ್ವಗಳ ಸರಪಳಿಗೆ ‘ಹಿಪ್ಪೊ’ ಎಂದು ಹೆಸರು.

ಇದು ಗೊತ್ತಾದ ರೀತಿ ಹೀಗಿದೆ. ವಿಜ್ಞಾನಿಗಳು ಒಂದೇ ನೊಣದ ದೇಹದಲ್ಲಿ ಕೆಲವು ಜೀವಕೋಶಗಳಲ್ಲಿ ಮಾತ್ರ ಒಂದು ಜೀನನ್ನು ಇಲ್ಲವಾಗಿಸುತ್ತಾರೆ. ಪಕ್ಕದ ಜೀವಕೋಶಗಳಲ್ಲಿ ಜೀನ್ ಸರಿಯಾಗೇ ಇರುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲೇ ಹೋಲಿಸಿ ನೋಡಬಹುದು. ಹೀಗೆ ಸಾವಿರಾರು ನೊಣಗಳನ್ನು ನೋಡುತ್ತಾ ಹೋದಾಗ ಕೆಲವು ಕಡೆ ಜೀವಕೋಶಗಳು ಮಿತಿಮೀರಿ ಬೆಳೆದು ಗಂಟು ಕಟ್ಟಿದ್ದು ಕಂಡಿತು. 1995ರಲ್ಲಿ ಸಿಕ್ಕ ಅಂಥ ಒಂದು ಜೀನಿಗೆ ‘ವಾರ್ಟ್ಸ್’ ಎಂದು ಹೆಸರಿಟ್ಟರು. ವಾರ್ಟ್ಸ್ ಎಂದರೆ ನರಹುಲಿ. 2003ರಲ್ಲಿ ಇನ್ನೊಂದು ಜೀನ್ ಸಿಕ್ಕಿತು. ಅದು ಇಲ್ಲದ ನೊಣದ ತಲೆ ದಪ್ಪವಾಗಿ, ಚರ್ಮ ಮಡಿಕೆಮಡಿಕೆಯಾಗಿ ಹಿಪ್ಪೊಪೊಟಮಸ್ ಅಥವಾ ನೀರಾನೆಯನ್ನು ನೆನಪಿಸುತ್ತಿತ್ತು. ಹಿಪ್ಪೊ ಎಂಬ ಹೆಸರು ಬಂದದ್ದು ಹಾಗೆ.

ಹಿಪ್ಪೊ ಮತ್ತು ವಾರ್ಟ್ಸ್ ಎರಡೂ ಕೈನೇಸ್‌ಗಳು. ಇವು ತಡೆಯುವುದು ಯಾರನ್ನು ಎಂಬುದಕ್ಕೆ 2005ರಲ್ಲಿ ಉತ್ತರ ಸಿಕ್ಕಿತು. ಅದು ‘ಯಾರ್ಕಿ’ ಎಂಬ ಪ್ರೋಟೀನ್. ಅದಿಲ್ಲದಿದ್ದರೆ ಅಂಗ ಬೆಳೆಯುವುದೇ ಇಲ್ಲವಾದ್ದರಿಂದ ಪುಟ್ಟ ನಾಯಿ ತಳಿಯೊಂದರ ಹೆಸರನ್ನು ಅದಕ್ಕೆ ಇಟ್ಟರು. ಸರಪಳಿ ಹೀಗೆ ಕೆಲಸ ಮಾಡುತ್ತದೆ:

1. ಹಿಪ್ಪೊ, ವಾರ್ಟ್ಸ್‌ಗೆ ಫಾಸ್ಫೇಟ್ ಅಂಟಿಸಿ ಅದನ್ನು ಎಬ್ಬಿಸುತ್ತದೆ.
2. ಎದ್ದ ವಾರ್ಟ್ಸ್, ಯಾರ್ಕಿಗೆ ಫಾಸ್ಫೇಟ್ ಅಂಟಿಸುತ್ತದೆ.
3. ಗುರುತು ಬಿದ್ದ ಯಾರ್ಕಿಗೆ ಜೀನ್‌ಗಳಿರುವ ಕೋಶಕೇಂದ್ರದೊಳಗೆ ಪ್ರವೇಶ ಇಲ್ಲ. ಬೆಳವಣಿಗೆ ನಿಲ್ಲುತ್ತದೆ.
4. ಹಿಪ್ಪೊ ಅಥವಾ ವಾರ್ಟ್ಸ್ ಕೆಟ್ಟರೆ ಯಾರ್ಕಿ ಒಳಗೆ ನುಗ್ಗುತ್ತದೆ. ಜೀವಕೋಶ ವಿಭಜನೆಗೆ ಬೇಕಾದ ಜೀನ್‌ಗಳನ್ನೂ ಜೀವಕೋಶ ಸಾಯದಂತೆ ಕಾಯುವ ಜೀನ್‌ಗಳನ್ನೂ ಚಾಲೂ ಮಾಡುತ್ತದೆ.

ಕೊನೆಯ ಮಾತನ್ನು ಗಮನಿಸಿ. ಹೆಚ್ಚು ಹುಟ್ಟುವುದು ಮತ್ತು ಸಾಯಬೇಕಾದದ್ದು ಸಾಯದಿರುವುದು ಎರಡೂ ಒಟ್ಟಿಗೆ ನಡೆಯುತ್ತವೆ. ಗಡ್ಡೆ ಆಗಲು ಬೇಕಾದದ್ದು ಇದೇ.

ಹಿಪ್ಪೊಗೆ ಸುದ್ದಿ ಮುಟ್ಟುವುದು ಹೇಗೆ? ಪಕ್ಕದ ಜೀವಕೋಶದ ಜೊತೆಗಿನ ಸಂಪರ್ಕ, ಎಷ್ಟು ಒತ್ತೊತ್ತಾಗಿ ಕೂತಿದ್ದೇವೆ, ಪೊರೆ ಎಷ್ಟು ಎಳೆದುಕೊಂಡಿದೆ ಇಂಥ ಹಲವು ಸೂಚನೆಗಳು ಈ ಸರಪಳಿಗೆ ಬಂದು ಸೇರುತ್ತವೆ. ಜಾಗ ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ‘ರೈಟ್’ ಎನ್ನುವ ಹಾಗೆ, ನೆರೆಹೊರೆ ಭರ್ತಿಯಾದಾಗ ಹಿಪ್ಪೊ ಹೊಸಬರನ್ನು ತಡೆಯುತ್ತದೆ.

ನೊಣದಿಂದ ಮನುಷ್ಯರಿಗೆ

ನೊಣದ ಹಿಪ್ಪೊಗೆ ನಮ್ಮಲ್ಲಿ ಎಂಎಸ್‌ಟಿ, ವಾರ್ಟ್ಸ್‌ಗೆ ಲ್ಯಾಟ್ಸ್, ಯಾರ್ಕಿಗೆ ಯಾಪ್ ಎಂಬ ಜೋಡಿಗಳಿವೆ. ಹೋಲಿಕೆ ಎಷ್ಟು ಗಟ್ಟಿ ಎಂದರೆ, ಹಿಪ್ಪೊ ಇಲ್ಲದ ನೊಣಕ್ಕೆ ಮನುಷ್ಯರ ಎಂಎಸ್‌ಟಿ ಜೀನ್ ಕೊಟ್ಟಾಗ ಅದು ಹಿಪ್ಪೊ ಮಾಡುವ ಕೆಲಸವನ್ನು ಮಾಡಿತು.

2007ರಲ್ಲಿ ಇಲಿಗಳ ಪಿತ್ತಜನಕಾಂಗದಲ್ಲಿ ಯಾಪ್ ಪ್ರಮಾಣ ಹೆಚ್ಚಿಸಿ ನೋಡಿದರು. ಕೆಲವೇ ವಾರಗಳಲ್ಲಿ ಲಿವರ್ ಸುಮಾರು ನಾಲ್ಕು ಪಟ್ಟು ದೊಡ್ಡದಾಯಿತು. ಯಾಪ್ ನಿಲ್ಲಿಸಿದಾಗ ಮತ್ತೆ ಕುಗ್ಗಿತು. ಹೆಚ್ಚು ಕಾಲ ಹಾಗೇ ಬಿಟ್ಟಾಗ ಗಡ್ಡೆಗಳಾದವು. ಹಿಪ್ಪೊ ಸರಪಳಿಗೆ ಸುದ್ದಿ ಮುಟ್ಟಿಸುವ ‘ಮರ್ಲಿನ್’ ಎಂಬ ಪ್ರೋಟೀನಿನ ಜೀನ್ ಕೆಟ್ಟವರಿಗೆ ಕಿವಿಯ ನರದ ಮೇಲೆ ಗಡ್ಡೆಗಳು ಬೆಳೆದು ಕಿವಿ ಕೇಳದಾಗುವ ಆನುವಂಶಿಕ ಕಾಯಿಲೆ ಬರುತ್ತದೆ.

ಇನ್ನೊಂದು ಉದಾಹರಣೆ ನೊಣದ ಕಣ್ಣಿನದು. ನೊಣದ ಒಂದು ಕಣ್ಣಿನಲ್ಲಿ ಸುಮಾರು 800 ಪುಟ್ಟ ಕಣ್ಣುಗಳಿವೆ; ಒಂದೊಂದರಲ್ಲೂ ಬೆಳಕು ಗ್ರಹಿಸುವ 8 ಜೀವಕೋಶಗಳು. ಅವುಗಳಲ್ಲಿ ಏಳನೆಯದು ಹುಟ್ಟದ ನೊಣಗಳನ್ನು ಅಭ್ಯಾಸ ಮಾಡಿದವರು, ರಾಸ್, ರಾಫ್ ಮುಂತಾದ ಪ್ರೋಟೀನ್‌ಗಳು ಯಾವುದರ ನಂತರ ಯಾವುದು ಕೆಲಸ ಮಾಡುತ್ತವೆ ಎಂಬ ಕ್ರಮವನ್ನು ಬಿಡಿಸಲು ನೆರವಾದರು. ರಾಫ್ ಒಂದು ಕೈನೇಸ್. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಬಿ-ರಾಫ್ ಎಂಬ ಕೈನೇಸ್ ‘ಚಾಲೂ’ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಆರಿಸುವ ಮಾತ್ರೆಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಎಲ್ಲ ಕೈನೇಸ್ ಔಷಧಗಳೂ ನೊಣದಿಂದಲೇ ಬಂದವಲ್ಲ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ 2001ರಿಂದ ಬಳಕೆಯಲ್ಲಿರುವ ಇಮ್ಯಾಟಿನಿಬ್ ಮಾತ್ರೆಯ ಹಿಂದೆ ರೋಗಿಗಳ ರಕ್ತಕಣಗಳ ಅಧ್ಯಯನವಿತ್ತು. ಆದರೆ ಕೈನೇಸ್‌ಗಳು ಒಂದರ ಹಿಂದೆ ಒಂದು ಹೇಗೆ ಜೋಡಣೆಯಾಗಿವೆ ಎಂಬ ನಕ್ಷೆಗೆ ನೊಣ ಕೊಟ್ಟ ಕೊಡುಗೆ ಸಣ್ಣದಲ್ಲ.

ಈಗ ಫಾರ್ವರ್ಡ್‌ಗಳನ್ನು ನೋಡೋಣ

‘ನೊಣದ ಸಂಶೋಧನೆ ದುಡ್ಡಿಗೆ ದಂಡ.’ ತಪ್ಪು. ಈ ನೊಣದ ಮೇಲಿನ ಕೆಲಸಕ್ಕೆ 1933, 1946, 1995, 2011 ಮತ್ತು 2017ರಲ್ಲಿ ನೊಬೆಲ್ ಪ್ರಶಸ್ತಿಗಳು ಸಂದಿವೆ. ಮನುಷ್ಯರ ಕಾಯಿಲೆಗಳಿಗೆ ಸಂಬಂಧಿಸಿದ ಜೀನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲಿ ಜೋಡಿಗಳಿವೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ತಳಿಗಳನ್ನು ಕಾಪಾಡುವ ಕೇಂದ್ರವಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ ಈ ನೊಣದ ಮೇಲೆ ಸಂಶೋಧನೆ ನಡೆಯುತ್ತದೆ. ನೊಣ ಸಾಕಲು ಬೇಕಾದದ್ದು ಬಾಟಲಿ, ರವೆ ಅಥವಾ ಜೋಳದ ಹಿಟ್ಟು, ಬೆಲ್ಲ ಅಥವಾ ಸಕ್ಕರೆ, ಯೀಸ್ಟ್. ಇಲಿ, ಮೊಲ ಸಾಕುವುದಕ್ಕೆ ಹೋಲಿಸಿದರೆ ಖರ್ಚು ತೀರಾ ಕಡಿಮೆ.

‘ಕಿಣ್ವದ ಪುಡಿ ತಿಂದರೆ ಮಕ್ಕಳು ಎತ್ತರವಾಗುತ್ತಾರೆ.’ ತಪ್ಪು. ಕಿಣ್ವ ಎಂಬುದು ಪ್ರೋಟೀನ್. ತಿಂದ ಪ್ರೋಟೀನನ್ನು ಹೊಟ್ಟೆ ಮತ್ತು ಕರುಳು ತುಂಡುತುಂಡಾಗಿ ಜೀರ್ಣಿಸುತ್ತವೆ. ಬೆಳವಣಿಗೆಯ ಕೈನೇಸ್‌ಗಳು ಕೆಲಸ ಮಾಡಬೇಕಾದದ್ದು ಜೀವಕೋಶದ ಒಳಗೆ. ತಿಂದದ್ದು ಹಾಗೇ ಅಲ್ಲಿಗೆ ತಲುಪುವುದಿಲ್ಲ. ಇನ್ಸುಲಿನ್ ಮತ್ತು ಬೆಳವಣಿಗೆಯ ಹಾರ್ಮೋನನ್ನು ಇಂಜೆಕ್ಷನ್ ಮೂಲಕ ಕೊಡುವುದಕ್ಕೂ ಇದೇ ಕಾರಣ. ಹಾಲು ಜೀರ್ಣವಾಗದವರಿಗೆ ಕೊಡುವಂಥ ಕೆಲವು ಕಿಣ್ವದ ಮಾತ್ರೆಗಳು ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಅವುಗಳ ಕೆಲಸ ಇರುವುದೇ ಕರುಳಿನೊಳಗೆ. ಮಗುವಿನ ಬೆಳವಣಿಗೆಗೆ ಬೇಕಾದದ್ದು ಸಾಕಷ್ಟು ಊಟ, ಬೇಳೆಕಾಳು, ಮೊಟ್ಟೆ, ಹಾಲು, ನಿದ್ದೆ. ವಯಸ್ಸಿಗೆ ತಕ್ಕ ಎತ್ತರ ಬರುತ್ತಿಲ್ಲ ಎನಿಸಿದರೆ ಮಕ್ಕಳ ವೈದ್ಯರಿಗೆ ತೋರಿಸಿ.

‘ನಿಂಬೆರಸ, ಬಿಸಿ ತೆಂಗಿನಕಾಯಿ ನೀರು ಯಾವುದೇ ಕ್ಯಾನ್ಸರನ್ನೂ ಕೊಲ್ಲುತ್ತದೆ.’ ತಪ್ಪು. ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ. ಒಬ್ಬರಲ್ಲಿ ಬಿ-ರಾಫ್ ಕೆಟ್ಟಿರಬಹುದು, ಇನ್ನೊಬ್ಬರಲ್ಲಿ ಮರ್ಲಿನ್, ಮತ್ತೊಬ್ಬರಲ್ಲಿ ಬೇರೆ ಏನೋ. ಸರಿಯಾದ ಕೈನೇಸಿಗೇ ಮಾಡಿದ ಔಷಧವೂ ಎಷ್ಟೋ ಸಲ ಕೆಲವು ತಿಂಗಳ ನಂತರ ಸೋಲುತ್ತದೆ. ಜೀವಕೋಶಗಳು ಬೇರೆ ದಾರಿ ಹುಡುಕಿಕೊಳ್ಳುತ್ತವೆ. ಆಗ ವೈದ್ಯರು ಎರಡು ಔಷಧಗಳನ್ನು ಒಟ್ಟಿಗೆ ಕೊಡಬೇಕಾಗುತ್ತದೆ. ಇಷ್ಟು ಜಟಿಲವಾದದ್ದಕ್ಕೆ ಒಂದು ಲೋಟ ಪಾನೀಯ ಉತ್ತರವಾಗಲಾರದು. ‘ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿದೆ’ ಎಂಬ ಮಾತಿಗೂ ಮರುಳಾಗಬೇಡಿ. ಗಾಜಿನ ತಟ್ಟೆಯಲ್ಲಿರುವ ಜೀವಕೋಶಗಳನ್ನು ಸೋಪಿನ ನೀರೂ ಕೊಲ್ಲುತ್ತದೆ.

‘ಊಟ, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹಸಿದು ಸಾಯುತ್ತದೆ.’ ಇದು ನಿಜದಂತೆ ಕೇಳಿಸುವುದರಿಂದಲೇ ಹೆಚ್ಚು ಅಪಾಯಕಾರಿ. ನೊಣ ಇಲ್ಲಿ ನೇರ ಉತ್ತರ ಕೊಡುತ್ತದೆ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮರಿಹುಳುಗಳನ್ನು ಉಪವಾಸ ಕೆಡವಿದಾಗ ಮಾಮೂಲಿ ಜೀವಕೋಶಗಳು ಬೆಳವಣಿಗೆ ನಿಲ್ಲಿಸಿದವು. ಆದರೆ ಪಿಐ3-ಕೈನೇಸ್ ಸ್ವಿಚ್ಚನ್ನು ಬಲವಂತವಾಗಿ ಚಾಲೂ ಇಟ್ಟ ಜೀವಕೋಶಗಳು ಆ ಉಪವಾಸದಲ್ಲೂ ಬೆಳೆದವು. ಮನುಷ್ಯರ ಅನೇಕ ಕ್ಯಾನ್ಸರ್‌ಗಳಲ್ಲಿ ಕೆಟ್ಟಿರುವುದು ಇದೇ ಸ್ವಿಚ್ಚು. ಅಂದರೆ ರೋಗಿ ಊಟ ಬಿಟ್ಟರೆ ಮೊದಲು ಸೊರಗುವುದು ಆರೋಗ್ಯವಂತ ಜೀವಕೋಶಗಳು. ತೂಕ ಮತ್ತು ಶಕ್ತಿ ಕಳೆದುಕೊಂಡ ದೇಹಕ್ಕೆ ಚಿಕಿತ್ಸೆ ತಾಳಿಕೊಳ್ಳುವುದು ಕಷ್ಟವಾಗುತ್ತದೆ. ಸಿಹಿ ಕಡಿಮೆ ಮಾಡುವುದು ಎಲ್ಲರಿಗೂ ಒಳ್ಳೆಯದೇ. ಆದರೆ ಚಿಕಿತ್ಸೆಯಲ್ಲಿರುವವರು ಏನು ತಿನ್ನಬೇಕು ಎಂಬುದನ್ನು ವೈದ್ಯರು ಹೇಳಲಿ, ಫಾರ್ವರ್ಡ್ ಅಲ್ಲ.

ಮುಂದೆ ಕಳಿಸುವ ಮುನ್ನ ಮೂರು ಪ್ರಶ್ನೆ

ಬೆಳವಣಿಗೆ, ಕಿಣ್ವ, ಕ್ಯಾನ್ಸರ್ ಬಗ್ಗೆ ಸಂದೇಶ ಬಂದಾಗ ಇಷ್ಟು ಕೇಳಿಕೊಳ್ಳಿ.

1. ಇದನ್ನು ಯಾರ ಮೇಲೆ ಪರೀಕ್ಷಿಸಿದ್ದಾರೆ? ಗಾಜಿನ ತಟ್ಟೆ, ನೊಣ, ಇಲಿ, ಮನುಷ್ಯ, ಇವು ನಾಲ್ಕು ಬೇರೆ ಬೇರೆ ಮೆಟ್ಟಿಲುಗಳು. ನೊಣದಲ್ಲಿ ಗೊತ್ತಾದದ್ದು ಮಾತ್ರೆಯಾಗಿ ಮನುಷ್ಯರಿಗೆ ಸಿಗಲು ಹಲವು ವರ್ಷಗಳ ಪರೀಕ್ಷೆ ಬೇಕು.
2. ಯಾವ ಕ್ಯಾನ್ಸರ್ ಎಂದು ಹೇಳಿದೆಯೇ? ‘ಎಲ್ಲ ಕ್ಯಾನ್ಸರಿಗೂ’ ಎಂದಿದ್ದರೆ ಅಲ್ಲೇ ಅನುಮಾನ ಪಡಿ.
3. ಇದನ್ನು ನಂಬಿ ಯಾರಾದರೂ ಚಿಕಿತ್ಸೆ ಮುಂದೂಡಿದರೆ ಏನಾಗುತ್ತದೆ? ಕರಗದ ಗಂಟು, ವಾಸಿಯಾಗದ ಬಾಯಿಹುಣ್ಣು, ಕಾರಣವಿಲ್ಲದೆ ಇಳಿಯುವ ತೂಕ ಇದ್ದವರಿಗೆ ಒಂದೊಂದು ತಿಂಗಳೂ ಮುಖ್ಯ. ಅಂಥವರು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಬೇಕು.

ಮೂರರಲ್ಲಿ ಒಂದಕ್ಕೂ ಉತ್ತರವಿಲ್ಲದ ಸಂದೇಶವನ್ನು ಅಲ್ಲಿಗೇ ನಿಲ್ಲಿಸಿ. ಹಿಪ್ಪೊ ಮಾಡುವ ಕೆಲಸವೂ ಅದೇ: ಅನಗತ್ಯವಾದದ್ದು ದುಪ್ಪಟ್ಟಾಗದಂತೆ ತಡೆಯುವುದು.